ಮುನಿರತ್ನಮ್ಮ ಹಾಕಿದ್ದ ಬೀಗ

ರಾಬರ್ಟ್‌ಸನ್‌ಪೇಟೆಯ ಟೈಪಿಂಗ್ ಶಾಲೆಯೊಂದರ ಹಿಂದಿನ ಕೋಣೆಯಲ್ಲಿ ಕೂತು ಮುನಿರತ್ನಮ್ಮ ಹಾಲಿನ ಡೈರಿಗಳಿಗೆಂದು, ಹಾಲಿನ ಲೆಕ್ಕವಿಟ್ಟು ಹಣದ ಚೀಟಿ ಅಚ್ಚು ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಬರೆದಳು. ತೊಂಬತ್ತರ ದಶಕದ ನಡುವಿನ ಮಾತು. ಬಂಗಾರಪೇಟೆ ಸುತ್ತ ಕಂಪ್ಯೂಟರ್ ಕೊಂಡಿದ್ದ ಡೈರಿಗಳು ಬೆರಳೆಣಿಕೆಯಷ್ಟು, ಅವೆಲ್ಲದರಲ್ಲೂ ಅವಳದೇ ಪ್ರೋಗ್ರಾಂ. ಅದಕ್ಕೊಂದು ಬೀಗ ಹಾಕಿದ್ದಳು, ಗಟ್ಟಿಗಿತ್ತಿ. ತಿಂಗಳು ಮುಗಿದರೆ ಪ್ರೋಗ್ರಾಂ ನಿಂತುಬಿಡುತ್ತಿತ್ತು. ಅವಳೇ ಹೋಗಿ ಗುಟ್ಟಿನ ಅಂಕಿ ಒತ್ತಿದರೆ ಮತ್ತೆ ಓಡುತ್ತಿತ್ತು.

ದುಡ್ಡಿನ ವಸೂಲಿಗಾಗಿ ಬೀಗ ಎಂದು ಎಲ್ಲರೂ ಅಂದುಕೊಂಡಿದ್ದರು. ಅರ್ಧ ನಿಜ. ಗಂಡ ತೀರಿಕೊಂಡು, ಮಕ್ಕಳಿಲ್ಲದೆ ಬಾಡಿಗೆ ಕೋಣೆಯಲ್ಲಿದ್ದ ಹೆಂಗಸಿಗೆ "ಬನ್ನಿ ಅಕ್ಕ" ಎನ್ನುವ ಮನೆಗಳು ಆ ಬೀಗದಿಂದಲೇ ಸಿಕ್ಕಿದ್ದವು. ರೈಲಿಳಿದು ಹೋದರೆ ಡೈರಿ ಸೆಕ್ರೆಟ್ರಿ ಬಚ್ಚಪ್ಪನ ಹೆಂಡತಿ ಬಿಸಿ ಮುದ್ದೆ, ಅವರೆಕಾಳು ಸಾರು ಬಡಿಸುತ್ತಿದ್ದಳು. ಇನ್ನೊಬ್ಬರು ಬಡಿಸಿದ ಊಟದ ರುಚಿ ಒಬ್ಬರೇ ಉಣ್ಣುವವರಿಗೇ ಗೊತ್ತು.

ಆಮೇಲೆ ಬೆಂಗಳೂರಿನ ಯಾರೋ ಪುಣ್ಯಾತ್ಮರು ಅಂಥದ್ದೇ ಪ್ರೋಗ್ರಾಂ ಬರೆದು ಬಿಟ್ಟಿ ಹಂಚಿದರು. ಬರೆದದ್ದನ್ನೆಲ್ಲ ತೆರೆದಿಟ್ಟಿದ್ದರು. ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು. ತಿದ್ದಿದ್ದನ್ನು ಹಂಚುವುದಾದರೆ ಹಾಗೇ ತೆರೆದು ಹಂಚಬೇಕು, ಅದೊಂದೇ ಷರತ್ತು. ಬಿಟ್ಟಿ ಸಿಕ್ಕಿದ್ದನ್ನು ಯಾರು ಬಿಡುತ್ತಾರೆ? ಒಂದೊಂದೇ ಡೈರಿ ಅತ್ತ ವಾಲಿತು. ಮುನಿರತ್ನಮ್ಮ ಬೆಲೆಯನ್ನು ಅರ್ಧಕ್ಕಿಳಿಸಿದಳು, ಕಾಲುಭಾಗಕ್ಕಿಳಿಸಿದಳು. ಸೊನ್ನೆಯ ಜೊತೆ ಚೌಕಾಸಿ ನಡೆಯುತ್ತದೆಯೇ? ಟೈಪಿಂಗ್ ಕಲಿಸಿ ಹೊಟ್ಟೆ ಹೊರೆದುಕೊಂಡಳು. ಸಂಜೆಗಳು ಮಾತ್ರ ಮುಗಿಯುತ್ತಲೇ ಇರಲಿಲ್ಲ.

ಒಂದು ದಿನ ಬಚ್ಚಪ್ಪನೇ ಆ ಬಿಟ್ಟಿ ಪ್ರೋಗ್ರಾಮಿನ ಫ್ಲಾಪಿ ಹಿಡಿದು ಹುಡುಕಿಕೊಂಡು ಬಂದ.

"ಅಕ್ಕಾ, ಬಟವಾಡೆ ದಿನ ಡೈರಿ ಮುಂದೆ ದೊಡ್ಡ ರಂಪ. ಒಸ ಪ್ರೋಗ್ರಾಮಿನ ಚೀಟೀಲಿ ಗಂಡನ ಎಸರೊಂದೇ ಬತ್ತೈತೆ. ಗಂಡಸ್ರು ಚೀಟಿ ತೋರ್ಸಿ ದುಡ್ಡು ಎತ್ಕೊಂಡು ಸೀದಾ ಸಾರಾಯಿ ಅಂಗಡಿಗೆ ಓಯ್ತಾವ್ರೆ. ಡೈರಿಗೆ ಆಲು ತರೋ ಚಿಕ್ಕವೆಂಕಟಮ್ಮ ಎಲ್ರ ಮುಂದೆ ನನ್ ಮಕಕ್ಕೆ ಉಗುದ್ಲು."

ಮುನಿರತ್ನಮ್ಮನಿಗೆ ತಕ್ಷಣ ಅರ್ಥವಾಯಿತು. ಡೈರಿಯ ಸದಸ್ಯರು ಗಂಡಸರು, ಹಾಲು ಕರೆದು ತರುವವರು ಹೆಂಗಸರು. ಹಾಲು ತಂದ ಕೈಗೇ ಹಣ ಎನ್ನುವುದು ಆ ಊರುಗಳ ಕಟ್ಟುಪಾಡು. ಅದಕ್ಕೇ ಅವಳ ಪ್ರೋಗ್ರಾಂ ಹೆಂಡತಿಯ ಹೆಸರನ್ನೂ ಅಚ್ಚು ಹಾಕುತ್ತಿತ್ತು. ಬೆಂಗಳೂರಿನವರಿಗೆ ಇದೆಲ್ಲ ಎಲ್ಲಿಂದ ತಿಳಿಯಬೇಕು?

ಬಚ್ಚಪ್ಪ ಟೀ ಕುಡಿದು ಬರುವಷ್ಟರಲ್ಲಿ ತಿದ್ದಿ ಮುಗಿಸಿದ್ದಳು. ಕಷ್ಟವಾದದ್ದು ಆಮೇಲೆ. ಇದಕ್ಕೆ ಬೀಗ ಹಾಕಿಬಿಟ್ಟರೆ ಎಲ್ಲ ಡೈರಿಗಳೂ ಮತ್ತೆ ಅವಳನ್ನೇ ಕರೆಯುತ್ತವೆ. ಮತ್ತೆ ರೈಲು, ಮತ್ತೆ ಮಾತುಕತೆ, ಮತ್ತೆ ಬಡಿಸಿದ ಊಟ. ಆದರೆ ಇನ್ನೊಬ್ಬರು ನಂಬಿ ತೆರೆದಿಟ್ಟದ್ದಕ್ಕೆ ತಾನು ಬೀಗ ಜಡಿಯಲು ಮನಸ್ಸು ಒಪ್ಪಲಿಲ್ಲ. ಹಾಗೇ ಫ್ಲಾಪಿಗೆ ಹಾಕಿ ಅವನ ಕೈಗಿತ್ತಳು.

"ಬೀಗ ಆಕಿಲ್ಲ ಬಚ್ಚಪ್ಪ. ಮಿಕ್ಕ ಡೈರಿಗಳಿಗೂ ನಾನೇ ಓಗಿ ಆಕ್ಕೊಟ್ಟು ಬತ್ತೀನಿ. ನಾಳೇನೇ ಒರಡ್ತೀನಿ."

ಬಚ್ಚಪ್ಪ ಕೈ ಮುಗಿದ. ಅವನ ಕಣ್ಣು ತುಂಬಿ ಬಂದಿತ್ತು.

"ಬ್ಯಾಡಕ್ಕ, ನಿಮಗ್ಯಾಕೆ ತೊಂದ್ರೆ? ಬೀಗಾನೇ ಇಲ್ವಲ್ಲ, ನಾನೇ ಕಾಪಿ ಮಾಡಿ ಎಲ್ರಿಗೂ ಕೊಡ್ತೀನಿ. ಇನ್ಮ್ಯಾಕೆ ನೀವು ಎಲ್ಲೂ ಬರೋದೇ ಬ್ಯಾಡ. ಮನೇಲೇ ಆರಾಮಾಗಿರಿ."

ಆ ಮಾತನ್ನು ಅವನು ಅಕ್ಕರೆಯಿಂದಲೇ ಅಂದಿದ್ದ.