ಜುಲಿಯಾನೊ ರಸ್ತೆಯಲ್ಲಿ ಆಗದ ಅಪಘಾತ

ಪೊಟ್ಸುವೋಲಿಯಲ್ಲಿ ಯಾರಿಗೆ ಡಾಕ್ಟರು ಇಂಜೆಕ್ಷನ್ ಬರೆದುಕೊಟ್ಟರೂ ಮನೆಯವರು ಮೊದಲು ಫೋನ್ ಮಾಡುತ್ತಿದ್ದದ್ದು ಎರ್ಸಿಲಿಯಾ ಸ್ಕಿಯಾನೊಗೆ. ಮೂವತ್ತೆರಡು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಕೈ ಮೃದು, ಬಾಯಿ ಒರಟು. "ಉಸಿರು ಬಿಗಿ ಹಿಡೀಬೇಡಿ, ನಾನೇನು ಹಂದಿ ಕೊಯ್ಯೋಕೆ ಬಂದಿಲ್ಲ" ಅನ್ನುವಷ್ಟರಲ್ಲಿ ಸೂಜಿ ಹೋಗಿ ಬಂದಾಗಿರುತ್ತಿತ್ತು. ಬಂದರಿನ ಓಣಿಗಳಿಗೆ ನಡೆದೇ ಹೋಗುತ್ತಿದ್ದಳು. ಗುಡ್ಡದ ಮೇಲಿನ ಮನೆಗಳಿಗೆ, ಮೋಂತೆ ದಿ ಪ್ರೋಚಿದಾದ ಮುದುಕಿಯರಿಗೆ, ಹನ್ನೊಂದು ವರ್ಷದ ಬೂದು ಬಣ್ಣದ ಪಾಂಡಾ ಕಾರು ಬೇಕಾಗುತ್ತಿತ್ತು.

ಆದರೆ ಕಾರಿನ ನಿಜವಾದ ಕೆಲಸ ಶುರುವಾಗುತ್ತಿದ್ದದ್ದು ಮಧ್ಯಾಹ್ನದ ಮೇಲೆ. ಅವಳ ತಮ್ಮ ಅತ್ತಿಲಿಯೊನ ಎರಡೂ ಮೂತ್ರಪಿಂಡ ಕೆಟ್ಟು ನಾಲ್ಕು ವರ್ಷವಾಗಿತ್ತು. ಅಷ್ಟರಲ್ಲಿ ಅವನ ಹೆಂಡತಿ ಬಿಟ್ಟುಹೋಗಿದ್ದಳು, ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸವೂ ಹೋಗಿತ್ತು. ಎರಡು ಸೂಟ್‌ಕೇಸ್ ಹಿಡಿದು ಅಕ್ಕನ ಮನೆಗೆ ಬಂದವನು ಅಲ್ಲೇ ಉಳಿದ. ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನ ಎರಡಕ್ಕೆ ಅವನನ್ನು ಡಯಾಲಿಸಿಸ್ ಕೇಂದ್ರಕ್ಕೆ ಕರೆದೊಯ್ಯಬೇಕು, ಆರಕ್ಕೆ ಕರೆತರಬೇಕು. ನಡುವಿನ ನಾಲ್ಕು ಗಂಟೆ ಅವಳು ಕೇಂದ್ರದ ಮೊಗಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿರುತ್ತಿದ್ದಳು. ಮೊದಮೊದಲು ಹೆಣಿಗೆ ಒಯ್ಯುತ್ತಿದ್ದಳು. ಆಮೇಲೆ ಪತ್ರಿಕೆ. ಆಮೇಲೆ ಏನೂ ಒಯ್ಯುತ್ತಿರಲಿಲ್ಲ.

ತುಂಬ ಹೊತ್ತು ಮಡಿಸಿ ಕೂತ ಕಾಲಿಗೆ ಜೋಮು ಹಿಡಿಯುವುದಿಲ್ಲವೇ, ಹಾಗೆ ಅವಳಿಗೆ ಎಲ್ಲೋ ಒಳಗೆ ಹಿಡಿದಿತ್ತು. ಯಾವತ್ತು ಶುರುವಾಯಿತೋ ಗೊತ್ತಿಲ್ಲ. ಮನೆಗೆ ಬಂದು ತಮ್ಮನಿಗೆ ಆಗದ ಪೊಟ್ಯಾಸಿಯಂ ಇಳಿದುಹೋಗಲೆಂದು ಆಲೂಗಡ್ಡೆಯನ್ನು ಎರಡು ಸಲ ಬೇಯಿಸಿ ಎರಡು ಸಲ ನೀರು ಬಸಿಯುತ್ತಿದ್ದಳು. ಇಬ್ಬರೂ ಉಣ್ಣುತ್ತಿದ್ದರು. ಟಿವಿ ತನ್ನಷ್ಟಕ್ಕೆ ಮಾತಾಡುತ್ತಿತ್ತು.

ಕಾರಿನ ವಿಮೆಯ ಪತ್ರ ಪ್ರತಿ ಸೆಪ್ಟೆಂಬರಿನಲ್ಲಿ ಬರುತ್ತಿತ್ತು. ಐದು ವರ್ಷದ ಹಿಂದೆ ನಾನೂರೈವತ್ತು ಯೂರೊ ಇದ್ದದ್ದು ಪ್ರತಿ ವರ್ಷ ಒಂದಿಷ್ಟು ಏರಿ ಏಳುನೂರರ ಹತ್ತಿರ ಬಂದಿತ್ತು. ಅವಳು ಕಾರು ಓಡಿಸಿದ ಇಪ್ಪತ್ತೇಳು ವರ್ಷದಲ್ಲಿ ಒಂದು ಬೆಕ್ಕಿಗೂ ಕಾರು ತಾಗಿಸಿದವಳಲ್ಲ. ಮಿಲಾನಿನಲ್ಲಿದ್ದ ಸೋದರಸಂಬಂಧಿ, ಮೂರು ಸಲ ಗೋಡೆಗೆ ಗುದ್ದಿದವನು, ಅವಳು ಕಟ್ಟುವುದರ ಅರ್ಧ ಕಟ್ಟುತ್ತಿದ್ದ. "ನೀವು ಇರೋ ಊರಿಗೆ ರೇಟು ಅದು, ನಿಮಗಲ್ಲ" ಎಂದು ವಿಮೆಯ ಏಜೆಂಟ್ ದೊನ್ ಎಜಿಡಿಯೊ ಪ್ರತಿ ವರ್ಷ ಸಮಾಧಾನ ಹೇಳುತ್ತಿದ್ದ. ಅವಳು ಪ್ರತಿ ವರ್ಷ ಬೈದು ಕಟ್ಟುತ್ತಿದ್ದಳು.

ಆ ಸೆಪ್ಟೆಂಬರಿನಲ್ಲಿ ಬಂದ ಪತ್ರದಲ್ಲಿ ಸಾವಿರದ ಇನ್ನೂರು ಎಂದಿತ್ತು. ಅವಳು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದಳು. ಬೈಗುಳ ಬರಲಿಲ್ಲ. ಪತ್ರವನ್ನು ಚೀಲಕ್ಕೆ ಹಾಕಿಕೊಂಡು, ಎರಡು ಮನೆಯ ಇಂಜೆಕ್ಷನ್ ಮುಗಿಸಿ, ದೊನ್ ಎಜಿಡಿಯೊನ ಕಚೇರಿಗೆ ಹೋದಳು.

"ಏನಿದು ದೊನ್ ಎಜಿಡಿಯೊ? ಕಾರಿನ ವಿಮೇನಾ, ಹಡಗಿನದಾ?"

ಅವನು ಕಂಪ್ಯೂಟರ್ ನೋಡಿದ, ಅವಳ ಮುಖ ನೋಡಿದ. "ದೊನ್ನಾ ಎರ್ಸಿಲಿಯಾ, ನಿಮ್ಮ ಕಾರು ಮಾರ್ಚಲ್ಲಿ ಒಂದು ಅಪಘಾತ ಮಾಡಿದೆಯಲ್ಲ. ಕಂಪನಿ ದುಡ್ಡು ಕೊಟ್ಟಾಗಿದೆ. ನೀವು ಒಂದನೇ ದರ್ಜೆಯಿಂದ ಮೂರಕ್ಕೆ ಬಿದ್ದಿದ್ದೀರಿ."

"ಯಾವ ಅಪಘಾತ?"

"ಮಾರ್ಚ್ ಹನ್ನೆರಡು, ಮಂಗಳವಾರ, ಸಂಜೆ ನಾಲ್ಕೂ ನಲವತ್ತು. ಜುಲಿಯಾನೊ ರಸ್ತೆ. ಸ್ಕೂಟರಿಗೆ ಗುದ್ದಿದ್ದು. ಸವಾರನಿಗೆ ಕುತ್ತಿಗೆ ನೋವು, ಸ್ಕೂಟರ್ ಪುಡಿಪುಡಿ."

"ಮಂಗಳವಾರ ನಾಲ್ಕೂ ನಲವತ್ತಕ್ಕೆ ನನ್ನ ಕಾರು ಡಯಾಲಿಸಿಸ್ ಕೇಂದ್ರದ ಮುಂದೆ ನಿಂತಿರುತ್ತೆ. ಪ್ರತಿ ಮಂಗಳವಾರ. ಜುಲಿಯಾನೊ ಊರಿನ ಕಡೆ ನಾನು ಹೋಗಿ ಹತ್ತು ವರ್ಷ ಆಯ್ತು."

ದೊನ್ ಎಜಿಡಿಯೊಗೆ ಆಶ್ಚರ್ಯವೇನೂ ಆಗಲಿಲ್ಲ. ಎದ್ದು ಬಾಗಿಲು ಮುಂದೆ ಮಾಡಿ ಬಂದ. "ಹಾಗಾದ್ರೆ ಇದು ದೆವ್ವದ ಅಪಘಾತ. ಈ ವರ್ಷ ನನ್ನ ಗಿರಾಕಿಗಳಲ್ಲೇ ಆರನೇದು. ಕಾರಿನ ನಂಬರ್ ಹಿಡ್ಕೋತಾರೆ, ಸುಳ್ಳು ಹೇಳಿಕೆ ಬರೀತಾರೆ, ಕೆಳಗೆ ಸಹಿ ಗೀಚ್ತಾರೆ. ಏಪ್ರಿಲಲ್ಲಿ ಕಂಪನಿ ನಿಮಗೆ ಪತ್ರ ಬರ್ದು ಕೇಳಿದೆ, ಇದು ನಿಜಾನಾ ಅಂತ. ನೀವು ಉತ್ತರ ಕೊಟ್ಟಿಲ್ಲ."

"ಪತ್ರ ಬಂದಿಲ್ಲ."

"ಇಲ್ಲಿ ನೋಡಿ ಹೇಳಿಕೆ." ಅವನು ಪರದೆಯನ್ನು ಅವಳ ಕಡೆಗೆ ತಿರುಗಿಸಿದ. ಆ ಹೊತ್ತಿಗೇ ನೆಲ ಒಮ್ಮೆ ನಡುಗಿತು; ಜ್ವಾಲಾಮುಖಿಯ ಮೇಲೆ ಕೂತ ಆ ಊರಿಗೆ ಅದು ಹೊಸದಲ್ಲ. ಮೇಜಿನ ಮೇಲಿನ ಪೆನ್ನುಗಳು ಲೋಟದೊಳಗೆ ಟಣಟಣ ಎಂದವು. ಇಬ್ಬರೂ ಮಾತು ನಿಲ್ಲಿಸಿ, ಅದು ಮುಗಿಯುವವರೆಗೆ ಕಾದು, ಮತ್ತೆ ಪರದೆ ನೋಡಿದರು.

ಕಾರು ಓಡಿಸುತ್ತಿದ್ದವರ ಹೆಸರು: ಅತ್ತಿಲಿಯೊ ಸ್ಕಿಯಾನೊ. ಕೆಳಗೆ ಸಹಿ. ಮೊದಲ ಅಕ್ಷರಕ್ಕೆ ಬಾಲ ಎಳೆದು, ಆ ಬಾಲವನ್ನು ಇಡೀ ಹೆಸರಿನ ಕೆಳಗೆ ಓಡಿಸಿದ ಸಹಿ. ಶಾಲೆಯ ಪ್ರಗತಿಪತ್ರದಲ್ಲಿ ಅಪ್ಪನ ಸಹಿಯನ್ನು ಕದ್ದು ಹಾಕುವಾಗಲೂ ಅವನು ಆ ಬಾಲ ಬಿಡದೆ ಸಿಕ್ಕಿಬೀಳುತ್ತಿದ್ದ. ಗೀಚಿದ್ದಲ್ಲ, ನಕಲಲ್ಲ. ಅವನದೇ ಕೈ.

"ನಿಮ್ಮ ತಮ್ಮ ಆ ಹೊತ್ತಿಗೆ ಮೆಷಿನ್ ಮೇಲೆ ಮಲಗಿದ್ರಲ್ವಾ? ಒಳ್ಳೇದೇ ಆಯ್ತು" ಎಂದ ದೊನ್ ಎಜಿಡಿಯೊ. "ಕೇಂದ್ರದ ರಿಜಿಸ್ಟರಿನ ಪ್ರತಿ ತಗೊಳ್ಳಿ. ಕರಬಿನಿಯೇರಿ ಪೊಲೀಸರ ಠಾಣೆಗೆ ಹೋಗಿ ದೂರು ಕೊಡಿ, ಯಾರೋ ಸುಳ್ಳು ಸಹಿ ಹಾಕಿದ್ದಾರೆ ಅಂತ. ಆರು ತಿಂಗಳಲ್ಲಿ ನಿಮ್ಮ ದರ್ಜೆ ನಿಮಗೆ ವಾಪಸ್. ಇಷ್ಟು ಗಟ್ಟಿ ಸಾಕ್ಷಿ ನಾನು ಕಂಡೇ ಇಲ್ಲ."

"ನೋಡ್ಬೇಕು" ಎಂದಳು ಎರ್ಸಿಲಿಯಾ.

ಮನೆಯ ಮೆಟ್ಟಿಲಲ್ಲಿ ಕೆಳಗಿನ ಮಹಡಿಯ ತಿತಿನಾ ಸಿಕ್ಕಿದಳು. ಪತ್ರದ ವಿಷಯ ಅವಳಿಗೆ ಆಗಲೇ ಗೊತ್ತಿತ್ತು. ಏಜೆಂಟನ ಕಚೇರಿ ಗುಡಿಸುವವಳು ಅವಳ ನಾದಿನಿ.

"ಸಾವಿರದ ಇನ್ನೂರಾ? ಬಾಯಿಗೆ ಮಣ್ಣು ಬೀಳ್ಲಿ ಅವ್ರಿಗೆ. ನನ್ನ ಮಗನ ಥರ ಕಾರನ್ನ ಪೋಲೆಂಡಲ್ಲಿ ನೋಂದಾಯಿಸಿ ಅಲ್ಲಿನ ನಂಬರ್ ಹಾಕಿಸ್ಕೊಳೆ. ವಿಮೆಗೆ ಕಾಲು ಭಾಗದ ದುಡ್ಡು."

"ನಾನು ಪೋಲೆಂಡ್ ಎಲ್ಲಿದೆ ಅಂತಲೂ ಕಂಡಿಲ್ಲ."

"ಅವನು ಕಂಡಿದ್ದಾನಾ? ನಮ್ಮ ಬೀದೀಲಿ ನಿಂತಿರೋ ಕಾರಲ್ಲಿ ಅರ್ಧ ಪೋಲೆಂಡಿಂದು. ಹೊರಗಿನವರು ಯಾರಾದ್ರೂ ನೋಡಿದ್ರೆ ಇಲ್ಲೇನೋ ಪೋಲೆಂಡ್ ಮದುವೆ ನಡೀತಿದೆ ಅನ್ಕೋಬೇಕು."

ಬೇರೆ ದಿನವಾಗಿದ್ದರೆ ಎರ್ಸಿಲಿಯಾ ನಗುತ್ತಿದ್ದಳು. ಅಂದು, ನಗಬೇಕಾದ ಮಾತು ಇದು ಎಂದು ಗೊತ್ತಾಯಿತು, ಅಷ್ಟೆ.

ಎರಡು ದಿನ ಬಿಟ್ಟು, ಗುರುವಾರ, ತಮ್ಮ ಮೆಷಿನ್ನಿನ ಮೇಲೆ ಮಲಗಿದ್ದಾಗ ಅವಳು ಕೇಂದ್ರದ ಗುಮಾಸ್ತನಿಂದ ರಿಜಿಸ್ಟರಿನ ಪ್ರತಿ ತೆಗೆದುಕೊಂಡಳು. ಮಾರ್ಚ್ ಹನ್ನೆರಡು. ಸ್ಕಿಯಾನೊ ಅತ್ತಿಲಿಯೊ. ಹಾಸಿಗೆ ಏಳು. ಎರಡೂ ಐದರಿಂದ ಆರೂ ಐದು. ಠಾಣೆ ಅಲ್ಲಿಂದ ಇನ್ನೂರು ಹೆಜ್ಜೆ. ಹೋಗಿ ಬೆಂಚಿನ ಮೇಲೆ ಕೂತಳು. ಯಾಕೆ ಬಂದಳು ಎಂದು ಕೇಳಿದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ. ಏಜೆಂಟ್ ಹೋಗಿ ಅಂದಿದ್ದ, ಕಾಲು ಬಂದಿತ್ತು. ಸರದಿ ಬಂತು. ಮಗನ ವಯಸ್ಸಿನ ಅಧಿಕಾರಿ ಕೀಲಿಮಣೆಯ ಮೇಲೆ ಎರಡು ಬೆರಳಿಟ್ಟು ಕೇಳಿದ:

"ಹೇಳಿ ಅಮ್ಮಾ, ಏನು ದೂರು?"

ಚೀಲದೊಳಗೆ ಅವಳ ಕೈ ಆ ಹಾಳೆಯ ಮೇಲಿತ್ತು. ಹಾಳೆ ಹೊರಗೆ ಬಂದರೆ ಹಾಸಿಗೆ ಏಳರಲ್ಲಿದ್ದವನು ಸುಳ್ಳುಗಾರನಾಗುತ್ತಾನೆ. ಬರದಿದ್ದರೆ ಗುದ್ದಿದ ಕಾರು ಅವಳದ್ದು.

"ನನ್ನ ಆರೋಗ್ಯ ಕಾರ್ಡ್ ಕಳೆದುಹೋಗಿದೆ" ಎಂದಳು.

"ಎಲ್ಲಿ ಕಳೀತು?"

"ಬಸ್ಸಲ್ಲಿ."

"ಯಾವ ಬಸ್ಸು?"

ಅವಳು ಒಂದು ನಂಬರ್ ಹೇಳಿದಳು. ಆತ ಪಾಪ, ಬಹಳ ಶ್ರದ್ಧೆಯಿಂದ ಎಲ್ಲ ಬರೆದುಕೊಂಡು, ಮುದ್ರೆ ಒತ್ತಿ, ಸಹಿ ಹಾಕಿಸಿ, ಬಾಗಿಲವರೆಗೆ ಬಂದು ಕಳಿಸಿದ. ಪರ್ಸಿನಲ್ಲೇ ಇದ್ದ ಕಾರ್ಡು ಕಳೆದುಹೋದದ್ದಕ್ಕೆ ಸರಕಾರದ ದಾಖಲೆ ಹಿಡಿದು ಎರ್ಸಿಲಿಯಾ ಮತ್ತೆ ಪ್ಲಾಸ್ಟಿಕ್ ಕುರ್ಚಿಗೆ ಬಂದು ಕೂತಳು.

ಆರು ಗಂಟೆಗೆ ಅತ್ತಿಲಿಯೊ ಹೊರಬಂದ. ಯಂತ್ರದಿಂದ ಎದ್ದ ದಿನ ಅವನ ಮುಖ ಹಿಂಡಿದ ಬಟ್ಟೆಯಂತಿರುತ್ತಿತ್ತು. ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡ. ಅವಳು ಕೀಲಿ ತಿರುಗಿಸಲಿಲ್ಲ.

"ಮಾರ್ಚಲ್ಲಿ ನೀನು ಜುಲಿಯಾನೊದಲ್ಲಿ ಒಂದು ಸ್ಕೂಟರಿಗೆ ಗುದ್ದಿದ್ದೀಯಂತೆ."

ಅವನು ಕಿಟಕಿಯಾಚೆ ನೋಡಿದ. "ಮೇಸ್ತ್ರಿ ಸಬಾತಿನೊ ಬಂದಿದ್ದ" ಎಂದ. ಮೊದಲು ಕೆಲಸ ಮಾಡುತ್ತಿದ್ದ ಗ್ಯಾರೇಜಿನ ಯಜಮಾನ. "ಒಂದು ಸಹಿ ಅಷ್ಟೇ ಅಂದ. ಕಂಪನಿ ಕೊಡುತ್ತೆ, ಯಾರ ಜೇಬಿಂದೂ ಹೋಗಲ್ಲ ಅಂದ."

"ಕಂಪನಿ ಪತ್ರ ಬರೆದಿತ್ತಂತೆ."

"ಬಂದಿತ್ತು. ಹರಿದ್ಹಾಕ್ದೆ."

"ಎಷ್ಟು ಕೊಟ್ಟ ನಿನಗೆ?"

"ಮುನ್ನೂರು."

"ಏನ್ ಮಾಡ್ದೆ ಅದನ್ನ?"

"ಕಾಫಿ ಕುಡಿಸ್ದೆ."

"ಯಾರಿಗೆ?"

"ಎಲ್ರಿಗೂ. ಬಂದರಿನ ಬಾರಲ್ಲಿ." ಅವನ ದನಿ ಸಣ್ಣದಾಗಿತ್ತು. "ನಾಲ್ಕು ವರ್ಷದಿಂದ ಎಲ್ರೂ ನನಗೇ ಕೊಡಿಸ್ತಾರೆ ಅಕ್ಕಾ. ಪಾಪ ಅತ್ತಿಲಿಯೊ, ಬಾ, ಒಂದು ಗುಟುಕು ಕುಡಿ ಅಂತ. ಬೇಡ ಅನ್ನೋ ಹಾಗಿಲ್ಲ, ನಾನು ಕೊಡಿಸ್ತೀನಿ ಅನ್ನೋ ಹಾಗೂ ಇಲ್ಲ. ಜೇಬಲ್ಲಿರೋದು ನೀನು ಕೊಟ್ಟಿದ್ದು. ಎರಡು ತಿಂಗಳು ನಾನೂ ಅಂದೆ, ಇವತ್ತಿಂದು ನಂದು ಅಂತ. ಬಾರಿನ ಹುಡುಗಿಗೆ ಚಿಲ್ಲರೆ ನೀನೇ ಇಟ್ಕೊ ಅಂದೆ. ಅಷ್ಟೇ. ಮುಗೀತು."

ಎರ್ಸಿಲಿಯಾ ಸಿಟ್ಟು ಬರಲಿ ಎಂದು ಕಾದಳು. ಅದು ಎಲ್ಲೋ ಹೊರಟಿದೆ, ಬರುತ್ತಿದೆ ಅನ್ನಿಸಿತು. ಬರಲಿಲ್ಲ. ಅಳುವೂ ಬರಲಿಲ್ಲ. ಎದುರಿನ ಗಾಜಿನ ಮೇಲೆ ಪಾರಿವಾಳದ ಹಿಕ್ಕೆ ಒಣಗಿತ್ತು; ನೀರು ಚಿಮ್ಮಿಸಿ ಅದನ್ನು ಒರೆಸಿದಳು. ಆಮೇಲೆ ಕಾರು ಹೊರಡಿಸಿದಳು.

ಕಾರು ಯಾವಾಗ ಎಲ್ಲಿತ್ತೆಂದು ದಾಖಲಿಸುವ ಕಪ್ಪು ಪೆಟ್ಟಿಗೆ ಹಾಕಿಸಿದರೆ ಸ್ವಲ್ಪ ರಿಯಾಯಿತಿ ಸಿಗುತ್ತದೆ ಎಂದ ದೊನ್ ಎಜಿಡಿಯೊ. ಕಂತಿನಲ್ಲಿ ಕಟ್ಟಿ ಎಂದ. ದೂರು ಯಾಕೆ ಕೊಡಲಿಲ್ಲ ಎಂದು ಮಾತ್ರ ಕೇಳಲಿಲ್ಲ. ಮೂವತ್ತು ವರ್ಷ ಈ ಊರಲ್ಲಿ ವಿಮೆ ಮಾರಿದವನು. ವಿಮೆಯ ಅವಧಿ ಮುಗಿದ ಮೇಲೂ ಕಟ್ಟಲು ಹದಿನೈದು ದಿನ ಗಡುವಿತ್ತು. ಹನ್ನೊಂದನೆಯ ದಿನ ಅವಳು ಕಾರನ್ನು ಕ್ವಾರ್ತೊದ ಒಬ್ಬ ತರಕಾರಿ ವ್ಯಾಪಾರಿಗೆ ಮಾರಿದಳು. ಅವನು ಡಿಕ್ಕಿ ತೆರೆದು ಎಷ್ಟು ಪೆಟ್ಟಿಗೆ ಹಿಡಿಯುತ್ತದೆ ಎಂದಷ್ಟೇ ನೋಡಿದ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಿಲ್ಲದೆ ಎರ್ಸಿಲಿಯಾ ಮೆಟ್ಟಿಲು ಹತ್ತಿದಳು. ಒಲೆಯ ಮೇಲೆ ಆಲೂಗಡ್ಡೆ ಇಟ್ಟು ಬಂದಿದ್ದಳು.

ತಮ್ಮನಿಗೆ ಆರೋಗ್ಯ ಇಲಾಖೆಯ ವ್ಯಾನಿಗೆ ಅರ್ಜಿ ಹಾಕಿದಳು. ಅವನು ಮೊದಲ ಸಲ ಕೂಗಾಡಿದ: "ಆ ಮುದುಕರ ಜೊತೆ ನಾನು ಹೋಗಲ್ಲ! ನನ್ನನ್ನೂ ಹೆಣದ ಗಾಡಿಗೆ ತುಂಬ್ತೀಯಾ?" ಅವಳು ಅವನ ಮುಂದೆ ಪೆನ್ನು ಇಟ್ಟಳು. ಅವನು ಪೆನ್ನು ನೋಡಿದ, ಅಕ್ಕನನ್ನು ನೋಡಿದ, ಸಹಿ ಹಾಕಿದ.

ವ್ಯಾನಿನಲ್ಲಿ ಜೊತೆಯವರಿಗೆ ಜಾಗವಿರಲಿಲ್ಲ. ಮೊದಲ ಮಂಗಳವಾರ ಅದು ಅವನನ್ನು ಹತ್ತಿಸಿಕೊಂಡು ಹೋದ ಮೇಲೆ ಎರ್ಸಿಲಿಯಾ ಮನೆಗೆ ಬಂದು, ಕೋಟು ಕೂಡ ಬಿಚ್ಚದೆ ಅಡುಗೆಮನೆಯ ಕುರ್ಚಿಯ ಮೇಲೆ ಕೂತಳು. ಎದ್ದಾಗ ನಾಲ್ಕು ಗಂಟೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಮಧ್ಯಾಹ್ನ ಅವಳ ಕೈಗೆ ಬಂದಿತ್ತು. ಅದನ್ನು ಏನು ಮಾಡುವುದು ಎಂದು ತಿಳಿಯಲಿಲ್ಲ. ಗುರುವಾರವೂ ಹಾಗೇ. ಶನಿವಾರ ಬಟ್ಟೆ ಒಗೆದಳು.

ಗುಡ್ಡದ ಗಿರಾಕಿಗಳು ಹೋದರು. ಔಷಧಿ ಅಂಗಡಿಯ ಒಬ್ಬ ಯುವಕ ಬೈಕಿನಲ್ಲಿ ಹೋಗಿ ಚುಚ್ಚುತ್ತಿದ್ದನಂತೆ. ಮೋಂತೆ ದಿ ಪ್ರೋಚಿದಾದ ಎಂಬತ್ತೊಂಬತ್ತರ ಮುದುಕಿ ಫೋನ್ ಮಾಡಿ ಗೋಳಾಡಿದಳು: "ಅವನದು ಕೈ ಅಲ್ಲ ಕಣೇ, ಸುತ್ತಿಗೆ. ನೀನು ಬಾ." ಎರ್ಸಿಲಿಯಾ ಬಸ್ಸಿನಲ್ಲಿ ಹೋದಳು. ಒಂದು ಇಂಜೆಕ್ಷನ್ನಿಗೆ ಹೋಗಿ ಬರಲು ಎರಡೂವರೆ ಗಂಟೆ. ಮುದುಕಿ ನಿಂಬೆಹಣ್ಣು ಕಟ್ಟಿಕೊಟ್ಟಳು. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಹೋಗತೊಡಗಿದಳು, ಇಂಜೆಕ್ಷನ್ ಇಲ್ಲದ ವಾರವೂ. ಇಬ್ಬರೂ ಬಾಲ್ಕನಿಯಲ್ಲಿ ಕೂರುತ್ತಿದ್ದರು. ಮುದುಕಿ ಮಾತಾಡುತ್ತಿದ್ದಳು, ಇವಳು ಸಮುದ್ರ ನೋಡುತ್ತಿದ್ದಳು.

ಇತ್ತ ಅತ್ತಿಲಿಯೊ ವ್ಯಾನಿನ ಮುದುಕರಿಗೆಲ್ಲ ಅಡ್ಡಹೆಸರಿಟ್ಟಿದ್ದ. ಅವರೂ ಅವನಿಗೆ ಒಂದು ಇಟ್ಟಿದ್ದರು. ಏನೆಂದು ಅಕ್ಕನಿಗೆ ಹೇಳುತ್ತಿರಲಿಲ್ಲ.

ನವೆಂಬರಿನ ಒಂದು ಶನಿವಾರ ವ್ಯಾನು ಕೆಟ್ಟು ನಿಂತಿತು. ಎರ್ಸಿಲಿಯಾ ಓಡಿಹೋಗಿ ಟ್ಯಾಕ್ಸಿ ತಂದಳು. ಅಕ್ಕತಮ್ಮ ಹಿಂದಿನ ಸೀಟಿನಲ್ಲಿ ಕೂತರು. ಅವರು ಹೀಗೆ ಒಟ್ಟಿಗೆ ಹಿಂದೆ ಕೂತದ್ದು ಅಪ್ಪನ ಕಾರಿನಲ್ಲಿ ಇದ್ದಿರಬೇಕು, ಯಾವ ಕಾಲವೋ.

"ಅಕ್ಕಾ, ಒಂದ್ ಮಾತು ಹೇಳ್ಲಾ?" ಎಂದ ಅತ್ತಿಲಿಯೊ. "ನಿನಗೆ ಗೇರ್ ಹಾಕೋಕೆ ಬರ್ತಿರ್ಲಿಲ್ಲ. ನಾಲ್ಕು ವರ್ಷ ಹಲ್ಲು ಕಚ್ಕೊಂಡು ಕೂತಿದ್ದೆ."

"ಈಗ್ಯಾಕೆ ಹೇಳ್ತಿದೀಯ?"

"ಈಗ ಕಾರಿಲ್ವಲ್ಲ."

ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿ ನಕ್ಕ. ಅತ್ತಿಲಿಯೊ ನಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ದನಿ ತಗ್ಗಿಸಿ, "ಬೈಯಿ ಅಕ್ಕಾ" ಎಂದ. "ಒಂದ್ಸಲ ಬೈದ್ಬಿಡು. ನೀನು ಬೈಯ್ದೆ ಇದ್ರೆ ಮನೇಲಿ ಯಾರೂ ಇಲ್ಲದ ಹಾಗಿರುತ್ತೆ."

ಅವಳು ಅವನ ಕಡೆ ತಿರುಗಿದಳು. ಬೆಲ್ಟು ಅವನ ಎಡಗೈಯನ್ನು, ಸೂಜಿ ಚುಚ್ಚಿ ಚುಚ್ಚಿ ನರ ಹಗ್ಗದಂತೆ ಉಬ್ಬಿದ ಆ ಕೈಯನ್ನು, ಒತ್ತುತ್ತಿತ್ತು. ಅದನ್ನು ಎತ್ತಿ ಪಕ್ಕಕ್ಕೆ ಸರಿಸಿದಳು.

"ಬೈತೀನಿ" ಎಂದಳು. "ಇವತ್ತಲ್ಲ."

ಮಂಗಳವಾರ ವ್ಯಾನು ದುರಸ್ತಿಯಾಗಿ ಹೊತ್ತಿಗೆ ಸರಿಯಾಗಿ ಬಂತು. ಕಾರನ್ನು ಅವಳು ಮತ್ತೆ ಕೊಳ್ಳಲಿಲ್ಲ.