ಡಬ್ಬಿಯ ಮೇಲಿನ ಮಾತು

ಕಣಕಟ್ಟೆ ಕಡೆ ಯಾರ ಮೇಕೆ ಯಾರ ಹೊಲ ಮೇಯ್ದಿತೆಂದು ಜಗಳವಾದರೆ, ಕಡೆಗೆ ಒಬ್ಬರಾದರೂ ಕೇಳುತ್ತಿದ್ದರು: "ಚಲುವಮ್ಮ ಏನ್ ಕಂಡ್ಲಂತೆ?" ಅವಳು ಕಂಡದ್ದನ್ನು ಕಂಡಂತೆ ಹೇಳುವವಳು. ಸ್ವಂತ ತಮ್ಮನ ಮೇಕೆಯಾದರೂ ಅಷ್ಟೆ. ಗಂಡ ತೀರಿಕೊಂಡು, ತುಂಡು ಹೊಲವಿಲ್ಲದೆ ಬಾಳಿದವಳಿಗೆ ಆ ಮಾತೇ ಆಸ್ತಿ.

ಒಂಬತ್ತು ವರ್ಷದಿಂದ ಊರಾಚೆಯ ಮೊಟ್ಟೆಕೋಳಿ ಫಾರಂನಲ್ಲಿ ಅವಳ ಕೆಲಸ. ಕಂಬಿಯ ಪಂಜರಗಳು ಒಂದರ ಮೇಲೊಂದು. ಒಂದೊಂದರಲ್ಲಿ ನಾಲ್ಕು ಕೋಳಿ. ರೆಕ್ಕೆ ಬಿಚ್ಚುವಂತಿಲ್ಲ, ಮಗ್ಗುಲು ತಿರುಗಬೇಕಾದರೆ ಪಕ್ಕದ್ದನ್ನು ತುಳಿಯಬೇಕು. ಇಟ್ಟ ಮೊಟ್ಟೆ ಉರುಳಿಕೊಂಡು ಮುಂದಕ್ಕೆ ಬಂದುಬಿಡುತ್ತದೆ. ಕೆಲವುಗಳ ಉಗುರು ಬೆಳೆದು ಕಂಬಿಗೇ ಸುತ್ತಿಕೊಳ್ಳುತ್ತಿತ್ತು. ಅದಕ್ಕೆಂದೇ ಚಲುವಮ್ಮ ಸೊಂಟಕ್ಕೊಂದು ಕತ್ತರಿ ಸಿಕ್ಕಿಸಿಕೊಂಡು ಬರುತ್ತಿದ್ದಳು. "ತಡಿಯವ್ವ, ತಡಿ," ಎನ್ನುತ್ತಾ ಬಿಡಿಸುವಳು. ಯಾರೂ ಹೇಳಿದ ಕೆಲಸವಲ್ಲ ಅದು.

ಒಂದು ದಿನ ಮೊಟ್ಟೆ ಕೊಳ್ಳುವ ದೊಡ್ಡ ಕಂಪನಿಯಿಂದ ಅಕ್ಷತಾ ಎಂಬ ಹುಡುಗಿ ಕ್ಯಾಮೆರಾ ಹಿಡಿದು ಬಂದಳು. ಮ್ಯಾನೇಜರ್ ಉಮಾಶಂಕರ್ "ಒಳಗೆ ವಾಸನೆ ಮೇಡಂ" ಎಂದು ಬೇವಿನ ಮರದಡಿ ಕುರ್ಚಿ ಹಾಕಿಸಿ, ಚಲುವಮ್ಮನನ್ನು ಕರೆಸಿದ.

"ಅಮ್ಮ, ನಿಮ್ಮ ಕೋಳಿನ ಹೊರಗೆ ಬಿಡ್ತೀರಾ?"

ಚಲುವಮ್ಮನ ಮುಖ ಅರಳಿತು. "ಬಿಡ್ದೆ ಇರ್ತೀನಾ? ಬೆಳಗಾಗ್ತಿದ್ದಂಗೆ ಮಂಕರಿ ಎತ್ತಿ ಬಿಡ್ತೀನಿ. ತಿಪ್ಪೆ ಕೆದಕ್ಕೊಂಡಿದ್ದು, ಸಂಜಿಕೆ ತಾವೇ ಮನೆಗೆ ಬತ್ತವೆ."

ಅವಳ ಹಿತ್ತಲಲ್ಲಿ ನಾಲ್ಕು ನಾಟಿಕೋಳಿ ಇದ್ದವು. ಶೆಡ್ಡಿನವು ಫಾರಂನವರ ಕೋಳಿ, ಅವನ್ನು ಯಾರಾದರೂ 'ನಿಮ್ಮ ಕೋಳಿ' ಎಂದಾರೆಂದು ಅವಳಿಗೆ ಹೊಳೆಯುವುದಾದರೂ ಹೇಗೆ?

ಮೂರು ತಿಂಗಳಾದ ಮೇಲೆ ಅರಸೀಕೆರೆಗೆ, ತಮ್ಮನ ಮಗಳು ಮಾಲಿನಿಯ ಮನೆಗೆ ಹೋಗಿದ್ದಳು. ಮಾಲಿನಿ ಮಗುವಿಗೆ ಮೊಟ್ಟೆ ತಿನ್ನಿಸುತ್ತಿದ್ದಳು.

"ಅತ್ತೇ, ಹೀರೋಯಿನ್ ಆಗ್ಬಿಟ್ಟಿದೀಯಲ್ಲ!" ಎಂದು ಮೊಟ್ಟೆ ಡಬ್ಬಿ ಮುಂದಿಟ್ಟಳು. ಮುಚ್ಚಳದ ಮೇಲೆ ಚಲುವಮ್ಮನ ನಗುಮುಖ. ಓದು ಬಾರದ ಅತ್ತೆಗೆ ಮಾಲಿನಿಯೇ ಓದಿದಳು: "ಬೆಳಗ್ಗೆ ಬಿಡ್ತೀನಿ, ಸಂಜೆ ತಾವೇ ಮನೆಗೆ ಬರ್ತವೆ. ಚಲುವಮ್ಮ." ಆಮೇಲೆ ನಕ್ಕಳು. "ಪಾಪೂಗೆ ಏನ್ ತಿನ್ಸೋದಕ್ಕೂ ಭಯ ನಂಗೆ. ನಿನ್ ಮಾತು ಅಂದ್ಮೇಲೆ ಧೈರ್ಯ ಬಂತು."

"ನಾನ್ ಹೇಳಿದ್ದು ನಮ್ಮನೆ ಕೋಳಿ ಕಣವ್ವ," ಎಂದಳು ಚಲುವಮ್ಮ. ಮಾಲಿನಿ ಕೈಲಿದ್ದ ಚಮಚ ಮಗುವಿನ ಬಾಯ ಹತ್ತಿರವೇ ನಿಂತಿತು.

ಮರುದಿನ ಉಮಾಶಂಕರನ ಮುಂದೆ ನಿಂತಳು. "ನನ್ ಮಾತು ತೆಗೀರಿ ಸಾ."

"ಡಬ್ಬಿ ಮೇಲೆ ಬರೋಕೆ ಜನ ಸಾಯ್ತಾರೆ, ನೀನು ಬೇಡ ಅಂತೀಯಲ್ಲಮ್ಮ! ಹೋಗ್, ಕೆಲ್ಸ ನೋಡು."

ಮಾಲಿನಿ ಸುಮ್ಮನಿರಲಿಲ್ಲ, ಡಬ್ಬಿಯ ಮೇಲಿನ ನಂಬರಿಗೆ ದಿನವೂ ಫೋನ್ ಮಾಡಿದಳು. ಅಕ್ಷತಾ ಮತ್ತೆ ಬಂದಳು. ಈ ಸಲ ಚಲುವಮ್ಮ ಅವಳ ಕೈ ಹಿಡಿದು ಶೆಡ್ಡಿನೊಳಕ್ಕೇ ಕರೆದೊಯ್ದಳು.

"ಇವು ಹೊರಕ್ಕೆ ಹೋಗೋದು ಒಂದೇ ದಿನ ಕಣವ್ವ. ಮೊಟ್ಟೆ ನಿಂತು ಲಾರಿ ಹತ್ತೋ ದಿನ."

ಅಕ್ಷತಾ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ಕಣ್ಣಲ್ಲಿ ನೀರಾಡುತ್ತಿತ್ತು. "ಆದ್ರೆ ಅಮ್ಮ, ಕೋಳಿ ಫಾರಂನವರದು. ನಾವು ಮೊಟ್ಟೆ ಮಾತ್ರ ತಗೊಳ್ಳೋದು."

ಹಿಂದೆಯೇ ಬಂದಿದ್ದ ಉಮಾಶಂಕರ್ ಉರಿದುಬಿದ್ದ. "ನಮ್ದೇನಿದೆ ಮೇಡಂ? ನಿಮ್ಮ ಕಂಪನಿ ಹೇಳ್ದಂಗೆ ಸಾಕಿರೋದು!"

ಇಬ್ಬರ ನಡುವೆ ಒಂದು ಕೋಳಿ ಕಂಬಿಗೆ ಸಿಕ್ಕ ಕಾಲನ್ನು ಎಳೆದುಕೊಳ್ಳುತ್ತಿತ್ತು. ಚಲುವಮ್ಮ ಕತ್ತರಿ ತೆಗೆದಳು.

ಆ ವಾರವೇ ಅವಳಿಗೆ ಕೆಲಸಕ್ಕೆ ಬರಬೇಡವೆಂದರು. "ನನ್ನಿಂದಾನೇ ಅತ್ತೆ," ಎಂದು ಮಾಲಿನಿ ಅತ್ತಳು. "ಬಿಡ್ ಮಗಾ, ಸುಳ್ಳಂತೂ ನಿಲ್ತದಲ್ಲ," ಎಂದಳು ಚಲುವಮ್ಮ.

ದೀಪಾವಳಿ ಕಳೆದ ಮೇಲೆ ಮಾಲಿನಿ ಅಂಗಡಿಯಿಂದ ಹೊಸ ಡಬ್ಬಿ ತಂದು ತೋರಿಸಿದಳು. ಅದರ ಮೇಲೆ ಬೇರೆ ಯಾರೋ ಹೆಂಗಸು, ತಲೆತುಂಬ ಹೂ ಮುಡಿದು ನಗುತ್ತಿದ್ದಳು.

"ನಿನ್ ಫೋಟೋ ತೆಗ್ದಿದಾರೆ ಅತ್ತೆ. ಹೆಸ್ರೂ ಇಲ್ಲ."

"ಮಾತು?"

ಮಾಲಿನಿ, ಅಲ್ಲೂ ಹಾಗೇ ಉಳಿದಿದ್ದ ಆ ಸಾಲಿನ ಮೇಲೆ ಬೆರಳಿಟ್ಟಳು.

ಚಲುವಮ್ಮನಿಗೆ ಓದಿ ಹೇಳುವುದು ಬೇಕಾಗಲಿಲ್ಲ. ಅವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಕತ್ತರಿ ಅಲ್ಲೇ ಇತ್ತು.

"ಅವುಗಳ ಉಗುರು ಈಗ ಯಾರ್ ಕತ್ತರಿಸ್ತಾವ್ರೋ," ಎಂದಳು.