ಅತ್ತಿಗೆ ಒಂದುಗೂಡಿಸಿದ ನಕ್ಷೆಗಳು

ನಕ್ಷೆ ಬರೆಯುವ ಆ ಸಣ್ಣ ಆಫೀಸಿನಲ್ಲಿ ಎಲ್ಲರಿಗೂ ಆಕೆ ಅತ್ತಿಗೆ. ಹಾಗೆ ಕರೆಯುವ ನಿಜವಾದ ಹಕ್ಕು ಇದ್ದದ್ದು ಪಕ್ಕದ ಮೇಜಿನ ನಾದಿನಿಯೊಬ್ಬಳಿಗೇ. "ಅತ್ತಿಗೆ, ಇಲ್ಲಿ ನೋಡಿ", "ಅತ್ತಿಗೆ, ಟೀ ಆರ್ತಿದೆ" ಎಂದು ಅವಳು ದಿನವಿಡೀ ಕೂಗುವುದನ್ನು ಕೇಳಿ ಕೇಳಿ ಉಳಿದವರ ನಾಲಿಗೆಗೂ ಅದೇ ಅಂಟಿಕೊಂಡಿತು. ವಯಸ್ಸಿನಲ್ಲಿ ಎಷ್ಟೋ ದೊಡ್ಡವರಾದ ಇಂಜಿನಿಯರ್ ಕೂಡ ಬಾಗಿಲಲ್ಲಿ ನಿಂತು "ಅತ್ತಿಗೆ, ಆ ಪ್ರಿಂಟ್ ಆಯ್ತಾ?" ಎನ್ನುತ್ತಿದ್ದರು. ಆಕೆಯ ಹೆಸರು ಯಾರ ಬಾಯಲ್ಲೂ ಕೇಳದ ಗಿರಾಕಿಯೊಬ್ಬರು ಲಕೋಟೆಯ ಮೇಲೆ "ಶ್ರೀಮತಿ ಅತ್ತಿಗೆಯವರಿಗೆ" ಎಂದೇ ಬರೆದು ಕಳಿಸಿದ್ದರು. ಅವತ್ತು ಆಫೀಸಿನಲ್ಲಿ ನಗುವುದೇ ಕೆಲಸವಾಯಿತು.

ಮದುವೆಗೆ ಮುಂಚೆ ಆಕೆ ಮರದ ಹಲಗೆಯ ಮೇಲೆ ಹಾಳೆ ಹರಡಿ, ಪೆನ್ಸಿಲು ಪಟ್ಟಿ ಹಿಡಿದು ನಕ್ಷೆ ಬರೆಯುವುದನ್ನು ಕಲಿತಿದ್ದಳು. ಆಮೇಲೆ ಸಂಸಾರ, ಮಕ್ಕಳು, ಅವರ ಶಾಲೆ. ಮಕ್ಕಳು ಕೈಗೆ ಬರುವ ಹೊತ್ತಿಗೆ ಹಲಗೆ ಮಾಯವಾಗಿ ಅದರ ಜಾಗದಲ್ಲಿ ಕಂಪ್ಯೂಟರು ಬಂದು ಕೂತಿತ್ತು. "ನಂದೆಲ್ಲ ತುಕ್ಕು ಹಿಡಿದಿದೆ ಕಣೇ" ಎಂದ ಅತ್ತಿಗೆಯನ್ನು ನಾದಿನಿ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ತನ್ನ ಲ್ಯಾಪ್‌ಟಾಪ್ ತೆರೆದು, ಕಂಪ್ಯೂಟರಿನಲ್ಲೇ ನಕ್ಷೆ ಬರೆಯುವ ಕ್ಯಾಡ್ ಕಲಿಸಿದಳು. ಮೊದಮೊದಲು ಮೌಸ್ ಹಿಡಿದರೆ ಗೆರೆ ಎತ್ತಲೋ ಓಡುತ್ತಿತ್ತು.

"ಇದಕ್ಕೆ ಇಲಿ ಅಂತ ಹೆಸರಿಟ್ಟೋರು ಸುಮ್ನೆ ಇಟ್ಟಿಲ್ಲ" ಎಂದು ಅತ್ತಿಗೆ ಗೊಣಗುತ್ತಿದ್ದಳು.

"ಹಿಡಿದ ಕೈ ಬಿಡಬೇಡಿ, ತಾನಾಗೇ ಸಾಧು ಆಗುತ್ತೆ" ಎನ್ನುತ್ತಿದ್ದಳು ನಾದಿನಿ.

ಸಾಧುವಾಯಿತು. ನಾದಿನಿಯೇ ಇಂಜಿನಿಯರ್ ಬಳಿ ಮಾತಾಡಿ ಕೆಲಸವನ್ನೂ ಕೊಡಿಸಿದಳು. ಅವಳ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅತ್ತಿಗೆಯದು ಹೆಜ್ಜೆ ಊರಿ ಊರಿ ನಡೆಯುವ ಜಾಯಮಾನ. ಬರೆದದ್ದನ್ನು ಮತ್ತೆ ನೋಡದೆ ಮೇಜು ಬಿಟ್ಟವಳಲ್ಲ.

ಆ ವರ್ಷ ಒಂದು ಶಾಲೆಯ ಕೆಲಸ ಬಂತು. ಶಾಲೆಗೆ ರಸ್ತೆಯ ಆಚೆಗೊಂದು, ಈಚೆಗೊಂದು ಕಟ್ಟಡ. ಮಕ್ಕಳು ವಾಹನಗಳ ನಡುವೆ ನುಸುಳಿ ಓಡಾಡುವುದನ್ನು ತಪ್ಪಿಸಲು ಮೇಲೊಂದು ಉಕ್ಕಿನ ಕಾಲುಸೇತುವೆ ಬೇಕಿತ್ತು. ಸೇತುವೆಯನ್ನೂ ಅದರ ಕಂಬಗಳನ್ನೂ ಅತ್ತಿಗೆ ಬರೆದಳು. ಎರಡೂ ತುದಿಯ ಮೆಟ್ಟಿಲುಗಳನ್ನು ನಾದಿನಿ. ಇಬ್ಬರದೂ ಬೇರೆ ಬೇರೆ ಫೈಲು, ಒಂದೊಂದರಲ್ಲೂ ಹಲವು ಶೀಟು.

ಉಕ್ಕು ಕತ್ತರಿಸಿ ಬೆಸೆಯುವ ಶೆಡ್ಡಿನ ಮೇಸ್ತ್ರಿ ಮೊದಲೇ ಫೋನಿನಲ್ಲಿ ಗದರಿಸಿದ್ದ. "ಹೋದ ಸಲದ ಹಾಗೆ ಚೂರು ಚೂರು ಕಳಿಸಬೇಡಿ. ಯಾವುದು ಹಳೇದು, ಯಾವುದು ಹೊಸದು ಅಂತ ಹುಡುಕೋದ್ರಲ್ಲೇ ನಮ್ಮ ಆಯುಸ್ಸು ಮುಗೀತದೆ. ಒಂದೇ ಫೈಲ್ ಮಾಡಿ, ಎಲ್ಲಾ ಶೀಟೂ ಅದರಲ್ಲೇ ಇರ್ಲಿ."

ಒಂದುಗೂಡಿಸಬೇಕೆನ್ನುವಷ್ಟರಲ್ಲಿ ನಾದಿನಿಗೆ ಹೊಟ್ಟೆಯಲ್ಲಿ ತಡೆಯಲಾರದ ನೋವು. ಪಿತ್ತಕೋಶದಲ್ಲಿ ಕಲ್ಲು, ಕೂಡಲೇ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಆಸ್ಪತ್ರೆಗೆ ಹೊರಟವಳು ಆಟೋದಲ್ಲಿ ಕೂತೇ ಹೇಳಿದಳು, "ಅತ್ತಿಗೆ, ನನ್ನ ಮೆಟ್ಟಿಲು ನಿಮ್ಮ ಕೈಗೆ."

"ನೀನು ಮೊದಲು ಕಲ್ಲು ತೆಗೆಸ್ಕೊಂಡು ಬಾ. ಮೆಟ್ಟಿಲು ಎದ್ದು ಎಲ್ಲೂ ಓಡಿಹೋಗಲ್ಲ."

ಮರುದಿನ ಆಪರೇಷನ್. ಅಣ್ಣ ತಂಗಿಯ ಜೊತೆಗಿದ್ದ. ಅತ್ತಿಗೆ ಮನಸ್ಸನ್ನು ಆಸ್ಪತ್ರೆಯಲ್ಲಿಟ್ಟು ದೇಹವನ್ನು ಆಫೀಸಿನಲ್ಲಿ ಕೂರಿಸಿಕೊಂಡಳು. ತನ್ನ ಫೈಲನ್ನು ತೆರೆದಿಟ್ಟು, ನಾದಿನಿಯ ಶೀಟುಗಳನ್ನು ಒಂದೊಂದಾಗಿ ಅದರೊಳಕ್ಕೆ ತಂದಳು. ಮೂಲೆಯ ಚೌಕದಲ್ಲಿ ಶೀಟಿನ ಸಂಖ್ಯೆ ತಿದ್ದಿದಳು, ಗೆರೆಗಳ ದಪ್ಪ ಸರಿಮಾಡಿದಳು. ಎಲ್ಲಾ ಶೀಟೂ ಸಾಲಾಗಿ ಕೂತಾಗ ನೋಡಲು ಅಚ್ಚುಕಟ್ಟಾಗಿತ್ತು. ಇಂಜಿನಿಯರ್ ಕಣ್ಣಾಡಿಸಿ ಸಹಿ ಹಾಕಿದರು, ಫೈಲು ಶೆಡ್ಡಿಗೆ ಹೋಯಿತು. ಅಷ್ಟರಲ್ಲೇ ಗಂಡನ ಫೋನು: ಆಪರೇಷನ್ ಸುಸೂತ್ರವಾಗಿ ಆಗಿದೆ. ಅವತ್ತು ಆಕೆಯಷ್ಟು ಹಗುರಾಗಿ ಮನೆಗೆ ಹೋದವರು ಇನ್ನೊಬ್ಬರಿರಲಿಲ್ಲ.

ಬೆಳಿಗ್ಗೆ ಬಂದು, ಕಪಾಟಿನಲ್ಲಿಡಲೆಂದು ಪ್ರಿಂಟುಗಳನ್ನು ಮಡಚುತ್ತಿದ್ದಳು. ಮೆಟ್ಟಿಲಿನ ಬುಡದ ಚಿತ್ರ ಕೈಗೆ ಬಂತು. ಮೆಟ್ಟಿಲಿನ ಕಾಲು ನೆಲಕ್ಕೆ ಕೂರುವಲ್ಲಿ ಒಂದು ದಪ್ಪ ಪ್ಲೇಟು, ಅದರಲ್ಲಿ ಬೋಲ್ಟಿಗೆ ತೂತುಗಳು. ನಾಲ್ಕು ತೂತು.

ನಾಲ್ಕಲ್ಲ, ಆರು! ಹಿಂದೊಂದು ದಿನ ಊಟದ ಹೊತ್ತಿನಲ್ಲಿ ನಾದಿನಿ ಇಂಜಿನಿಯರ್ ಜೊತೆ ವಾದಕ್ಕೇ ಇಳಿದಿದ್ದಳಲ್ಲ! "ಸಾರ್, ಗಂಟೆ ಹೊಡೆದ ಕೂಡಲೇ ಇಡೀ ಶಾಲೆ ಧಡಧಡ ಅಂತ ಇಳಿಯುತ್ತೆ. ಆರು ಬೋಲ್ಟ್ ಇರ್ಲಿ" ಎಂದು ಹಟ ಹಿಡಿದು ಒಪ್ಪಿಸಿದ್ದಳು. ನೆಲದಲ್ಲಿ ಕಾಂಕ್ರೀಟಿನೊಳಗೆ ಆರು ಬೋಲ್ಟು ಆಗಲೇ ನಿಂತಿದ್ದವು.

ನಾದಿನಿಯ ಹಳೆಯ ಫೈಲು ತೆರೆದಳು. ಆರು ತೂತು ಸರಿಯಾಗಿಯೇ ಇದ್ದವು. ಒಂದುಗೂಡಿಸಿದ ಫೈಲಿನಲ್ಲಿ ನಾಲ್ಕು. ಎರಡನ್ನೂ ಮತ್ತೆ ನೋಡುವಾಗ ಕಾರಣ ಹೊಳೆಯಿತು. ಮತ್ತೆ ಮತ್ತೆ ಬರುವ ಚಿತ್ರವನ್ನು ಒಮ್ಮೆ ಬರೆದು, ಹೆಸರು ಕೊಟ್ಟು, ಬೇಕಾದಲ್ಲೆಲ್ಲ ಕೂರಿಸುವುದು ಕ್ಯಾಡ್‌ನ ಪದ್ಧತಿ. ಅತ್ತಿಗೆ ತನ್ನ ಕಂಬದ ನಾಲ್ಕು ತೂತಿನ ಪ್ಲೇಟಿಗೆ "ಪ್ಲೇಟ್-1" ಎಂದಿದ್ದಳು. ನಾದಿನಿ ಅದೇ ಅಳತೆಯ ತನ್ನ ಆರು ತೂತಿನದಕ್ಕೂ ಆ ಹೆಸರನ್ನೇ ಇಟ್ಟಿದ್ದಳು. ಒಂದು ಫೈಲಿನಲ್ಲಿ ಒಂದು ಹೆಸರಿಗೆ ಒಂದೇ ಚಿತ್ರ. ಮೊದಲೇ ಮನೆಯಲ್ಲಿದ್ದ ಅತ್ತಿಗೆಯ ಪ್ಲೇಟು, ಆಮೇಲೆ ಬಂದ ನಾದಿನಿಯ ಪ್ಲೇಟನ್ನು ಸದ್ದಿಲ್ಲದೆ ನುಂಗಿಹಾಕಿತ್ತು.

ಶೆಡ್ಡಿಗೆ ಫೋನು ಮಾಡಿದಳು. ಯಾರೂ ಎತ್ತಲಿಲ್ಲ. ಯಂತ್ರಗಳ ಗದ್ದಲದಲ್ಲಿ ಅಲ್ಲಿ ಫೋನು ಯಾರಿಗೆ ಕೇಳಬೇಕು? ಇಂಜಿನಿಯರ್ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಅವರ ಮುಖ ಬಿಳಿಚಿತು. ಆದರೂ ದನಿ ಏರಲಿಲ್ಲ. "ಸಹಿ ಹಾಕಿದ್ದು ನಾನಲ್ವಾ ಅತ್ತಿಗೆ. ನೀವು ಹೊರಡಿ, ನಾನು ಫೋನ್ ಮಾಡ್ತಾನೇ ಇರ್ತೀನಿ."

ಬಸ್ಸಿನಲ್ಲಿ ಸೀಟಿದ್ದರೂ ಆಕೆ ಕೂರಲಿಲ್ಲ, ನಿಂತರೆ ಬಸ್ಸು ಬೇಗ ಹೋಗುತ್ತದೆಂಬಂತೆ. ತೂತು ಕೊರೆದಾಗಿದ್ದರೆ? ಅಷ್ಟೂ ಉಕ್ಕು ಗುಜರಿಗೆ. ಅದಕ್ಕಿಂತ ಹೆಚ್ಚಾಗಿ, ಹಾಸಿಗೆಯಲ್ಲಿ ಮಲಗಿರುವವಳಿಗೆ ಯಾವ ಬಾಯಲ್ಲಿ ಹೇಳುವುದು? ನನ್ನನ್ನು ಈ ಕೆಲಸಕ್ಕೆ ತಂದವಳ ಕೆಲಸವನ್ನೇ ನಾನು ಕೆಡಿಸಿದೆ ಎಂದೇ?

ಶೆಡ್ಡಿನ ಬಾಗಿಲಲ್ಲೇ ಸುಟ್ಟ ಕಬ್ಬಿಣದ ವಾಸನೆ. ಗೋಡೆಗೆ ಒರಗಿಸಿದ್ದ ಪ್ಲೇಟುಗಳು ಕಂಡವು. ಅಳತೆಗೆ ಸರಿಯಾಗಿ ಕತ್ತರಿಸಿ, ಅಂಚು ಉಜ್ಜಿ ಇಟ್ಟಿದ್ದರು. ಹತ್ತಿರ ಹೋಗಿ ಬಗ್ಗಿ ನೋಡಿದಳು. ನಾಲ್ಕೂ ಇರಲಿಲ್ಲ, ಆರೂ ಇರಲಿಲ್ಲ. ಒಂದೇ ಒಂದು ತೂತಿರಲಿಲ್ಲ.

"ಏನಮ್ಮಾ, ಇಷ್ಟು ದೂರ?" ಮೇಸ್ತ್ರಿ ಕನ್ನಡಕ ಹಣೆಗೇರಿಸಿ ಬಂದ.

"ತೂತು... ತೂತು ಕೊರೆದಿಲ್ವಾ?"

"ಎಲ್ಲಿಂದ ಕೊರೆಯೋದು? ನಿಮ್ಮ ನಾದಿನಿಯಮ್ಮ ಫೋನ್ ಮಾಡಿ ತೂತಿನ ಲೆಕ್ಕ ಓದಿ ಹೇಳೋವರೆಗೆ ಅವರ ಪ್ಲೇಟಿಗೆ ಡ್ರಿಲ್ ಇಡೋ ಹಾಗಿಲ್ಲ. 'ಮೇಸ್ತ್ರಿ, ಕತ್ತರಿಸಿದ್ದು ಬೇರೆ ಕೆಲಸಕ್ಕಾದ್ರೂ ಬರುತ್ತೆ, ತೂತು ಮುಚ್ಚೋಕಾಗಲ್ಲ' ಅಂತ ನನ್ನ ತಲೆ ತಿಂದಿದ್ದಾರೆ. ಈ ಸಲ ಫೋನೇ ಇಲ್ಲ, ಕಾಯ್ತಾ ಕೂತಿದ್ದೀವಿ. ಹುಷಾರಾಗಿದ್ದಾರಾ?"

ಅತ್ತಿಗೆಗೆ ಹೋದ ಜೀವ ಬಂದಂತಾಯಿತು. ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಮೇಸ್ತ್ರಿ ಗಾಬರಿಯಾಗಿ ನೀರಿನ ಬಾಟಲಿ ತಂದುಕೊಟ್ಟ.

"ಹುಷಾರಾಗಿದ್ದಾಳೆ" ಎಂದಳು ನೀರು ಕುಡಿದು. "ಆರು ತೂತು ಮೇಸ್ತ್ರಿ. ಆದ್ರೂ ಈಗ ಮುಟ್ಟಬೇಡಿ. ಸರಿಯಾದ ಫೈಲ್ ಕಳಿಸ್ತೀನಿ, ಆಮೇಲೆ ನಾನೇ ಫೋನ್ ಮಾಡಿ ಓದಿ ಹೇಳ್ತೀನಿ."

ಆಫೀಸಿಗೆ ಮರಳಿ ಎಲ್ಲವನ್ನೂ ಮೊದಲಿನಿಂದ ಶುರುಮಾಡಿದಳು. ಈ ಸಲ ಶೀಟು ತರುವ ಮೊದಲು ನಾದಿನಿಯ ಫೈಲಿನ ಪ್ರತಿ ಚಿತ್ರದ ಹೆಸರಿನ ಹಿಂದೆ "ಮೆಟ್ಟಿಲು" ಎಂದು ಸೇರಿಸಿದಳು, ತನ್ನದಕ್ಕೆ "ಸೇತುವೆ" ಎಂದು. ಒಂದುಗೂಡಿಸಿದ ಮೇಲೆ ಮೊದಲು ಕಳಿಸಿದ್ದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಇಂಜಿನಿಯರ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಮೊದಲಿನದರಲ್ಲಿ ಕಂಬಿಯೊಂದೂ ಹೀಗೆಯೇ ಅದಲುಬದಲಾಗಿದ್ದದ್ದು ಅವರ ಕಣ್ಣಿಗೆ ಬಿದ್ದಿತು.

ಸಂಜೆ ಆಸ್ಪತ್ರೆಯಲ್ಲಿ ನಾದಿನಿ ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದಳು. ಏನನ್ನೂ ಹೇಳಬಾರದೆಂದು ದಾರಿಯುದ್ದಕ್ಕೂ ನಿಶ್ಚಯಿಸಿಕೊಂಡು ಬಂದಿದ್ದ ಅತ್ತಿಗೆ ಅವಳ ಮುಖ ಕಂಡದ್ದೇ ಎಲ್ಲವನ್ನೂ ಒದರಿಬಿಟ್ಟಳು.

"ಅಂದ್ರೆ ನಿಮ್ಮ ಪ್ಲೇಟು ನನ್ನ ಪ್ಲೇಟನ್ನ ತಿಂದುಬಿಡ್ತಾ?" ನಾದಿನಿ ಹೊಟ್ಟೆ ಹಿಡಿದುಕೊಂಡಳು. "ಅಯ್ಯೋ, ನಗಿಸಬೇಡಿ ಅತ್ತಿಗೆ, ಹೊಲಿಗೆ ಕಿತ್ತುಹೋಗುತ್ತೆ!"

"ನಿಂಗೆ ಸಿಟ್ಟು ಬರಲಿಲ್ವಾ?"

"ನಾನೂ ಅದೇ ಹೆಸರು ಇಟ್ಟಿದ್ನಲ್ಲ, ಯಾರ ಮೇಲೆ ಸಿಟ್ಟು ಮಾಡ್ಲಿ? ಸದ್ಯ, ಮೇಸ್ತ್ರಿ ನನ್ನ ಬಾಯಿಗೆ ಹೆದರ್ತಾನಲ್ಲ. ಬನ್ನಿ, ಕೂತ್ಕೊಳ್ಳಿ, ನಿಮ್ಮ ಮುಖ ನೋಡಿದ್ರೆ ಆಪರೇಷನ್ ಆದದ್ದು ನಿಮಗೇ ಅನ್ನಿಸುತ್ತೆ."

ಮೆಟ್ಟಿಲು ನಿಲ್ಲಿಸುವ ದಿನ ನಾದಿನಿ ಇನ್ನೂ ರಜೆಯಲ್ಲಿದ್ದಳು. ಅತ್ತಿಗೆ ಒಬ್ಬಳೇ ಹೋಗಿ ರಸ್ತೆಯಂಚಿನಲ್ಲಿ ನಿಂತಳು. ಕ್ರೇನು ಮೆಟ್ಟಿಲನ್ನು ಮೆಲ್ಲಗೆ ಇಳಿಸಿತು. ಮೇಸ್ತ್ರಿ ಮೊಣಕಾಲೂರಿ, ಕಣ್ಣು ಕಿರಿದುಮಾಡಿ, ಕೈಯಾಡಿಸುತ್ತ ದಾರಿ ತೋರಿಸಿದ. ಪ್ಲೇಟು ಒಂದು ಕ್ಷಣ ತಡೆದು ನಿಂತು, ಆಮೇಲೆ ಆರೂ ಬೋಲ್ಟುಗಳ ಮೇಲೆ ಒಟ್ಟಿಗೇ ಜಾರಿ ಕೂತಿತು. ಕಿಟಕಿಗಳಲ್ಲಿ ಮುಖ ತುರುಕಿಕೊಂಡಿದ್ದ ಮಕ್ಕಳು ಹೋ ಎಂದು ಕೂಗಿದರು. ಅತ್ತಿಗೆಯೂ, ಯಾರಾದರೂ ನೋಡಿಯಾರು ಎಂಬುದನ್ನು ಮರೆತು, ಅವರ ಜೊತೆ ಚಪ್ಪಾಳೆ ತಟ್ಟಿದಳು.